ಗೋಡೆಯಾಚೆಯ ಸಾಕು

ನಮ್ಮೂರಿನ ಮನೆಗಳ ಬಾಗಿಲಿಗೆ ಎರಡು ಚಿಲಕ. ಮೇಲಿನದು ಬೆಳಗಿನದು, ಅದಕ್ಕಿಂತ ನಾಲ್ಕು ಬೆರಳು ಕೆಳಗಿರುವುದು ಸಂಜೆಯದು. ಅಂಗಿ ನೇತುಹಾಕುವ ಮೊಳೆಯೂ ಹಾಗೇ, ಕನ್ನಡಿಯೂ ಹಾಗೇ. ಹೊತ್ತು ಏರಿದಂತೆಲ್ಲ ನಮ್ಮವರ ಸೊಂಟ ಕುಸಿದು ಎತ್ತರ ಇಳಿಯುತ್ತ ಬರುತ್ತದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹೆಂಗಸರು ಸೀರೆಯನ್ನು ಇನ್ನೊಂದಿಷ್ಟು ಎತ್ತಿ ಸಿಕ್ಕಿಸಿಕೊಳ್ಳುತ್ತಾರೆ, ಗಂಡಸರು ಪ್ಯಾಂಟಿನ ಕಾಲು ಮಡಚುತ್ತಾರೆ. ಮದುವೆ, ಫೋಟೊ ತೆಗೆಸುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಎಲ್ಲ ಬೆಳಗ್ಗೆಯೇ ಮುಗಿಯಬೇಕು. ಹೆಣ್ಣು ನೋಡಲು ಸಂಜೆ ಬಂದರೆ ಅವರಿಗೆ ನಿಜವಾಗಿ ಹೆಣ್ಣು ಬೇಕಾಗಿಲ್ಲ ಎಂದೇ ಅರ್ಥ.

ದೀಪ ಹಚ್ಚುವ ಹೊತ್ತಿಗೆ ಮನೆಮನೆಯಲ್ಲೂ ಜಗ್ಗುಮಣೆ ಹಾಸುತ್ತಾರೆ. ಆಳುದ್ದದ ಹಲಗೆ ಅದು. ತಲೆಯ ಕಡೆ ಕಂಕುಳಿಗೆ ಆನಿಕೊಳ್ಳುವ ಎರಡು ಗೂಟ, ಕಾಲ ಕಡೆ ಒಂದು ಚಕ್ರ, ಚಕ್ರಕ್ಕೆ ಸುತ್ತಿದ ಅಗಲವಾದ ಪಟ್ಟಿ. ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು ಒಬ್ಬರು ಮಲಗಬೇಕು, ಇನ್ನೊಬ್ಬರು ಚಕ್ರ ತಿರುಗಿಸಬೇಕು. ಬೆನ್ನಿನ ಮಣಿಗಳು ಮೆಲ್ಲಗೆ ಬಿಡಿಸಿಕೊಳ್ಳುತ್ತವೆ, ನೋವು ಇಳಿಯುತ್ತದೆ, ಕುಸಿದಿದ್ದ ಎತ್ತರ ಮರಳಿ ಬರುತ್ತದೆ. ಆಗ ಮಲಗಿದವರು "ಸಾಕು" ಅನ್ನಬೇಕು. ಅಂದ ಕೂಡಲೇ ಚಕ್ರ ಹಿಡಿದ ಕೈ ನಿಲ್ಲುತ್ತದೆ. ನಿಲ್ಲಿಸೋಣ ಎಂದುಕೊಂಡು ನಿಲ್ಲಿಸುವುದಲ್ಲ, ಅದು ತಾನಾಗಿ ನಿಲ್ಲುತ್ತದೆ.

ಹೀಗಾಗಿ ಆ ಒಂದು ಮಾತನ್ನು ನಾವು ಬೇರೆಲ್ಲೂ ಆಡುವುದಿಲ್ಲ. ಊಟದ ಎಲೆಗೆ ಕೈ ಅಡ್ಡ ಹಿಡಿದು "ಆಯ್ತು" ಅನ್ನುತ್ತೇವೆ, ಅಂಗಡಿಯಲ್ಲಿ "ಇಷ್ಟೇ" ಅನ್ನುತ್ತೇವೆ. ಹಿಂದೆ ಯಾರೋ ಪರವೂರಿನವನು ಹೋಟೆಲಿನಲ್ಲಿ ಚಟ್ನಿ ಬಡಿಸುವವನಿಗೆ ಗಟ್ಟಿಯಾಗಿ ಸಾಕು ಅಂದನಂತೆ. ಎದುರಿನ ಕ್ಷೌರದಂಗಡಿಯಲ್ಲಿ ಕತ್ತಿ ಹಿಡಿದ ಕೈ ನಿಂತುಬಿಟ್ಟು, ಮುಂದಕ್ಕೆ ಕೆರೆಯಲು ಮನಸ್ಸೇ ಬಾರದೆ, ಗಿರಾಕಿಯೊಬ್ಬ ಅರ್ಧ ಮೀಸೆಯಲ್ಲಿ ಮನೆಗೆ ಹೋದನಂತೆ. ಆಮೇಲೆ ಬಸ್ ನಿಲ್ದಾಣದಲ್ಲಿ ಒಂದು ಬೋರ್ಡು ಬರೆಸಿದರು. ಓದುವವರು ಯಾರೂ ಇಲ್ಲ.

ಇನ್ನೊಂದು ಕಟ್ಟುಪಾಡಿದೆ. ಒಂದೇ ಒಲೆಯಲ್ಲಿ ಉಣ್ಣುವವರು ಮಾತ್ರ ಒಬ್ಬರನ್ನೊಬ್ಬರು ಜಗ್ಗಬೇಕು. ಪಕ್ಕದ ಮನೆಯವರಿಂದ ಜಗ್ಗಿಸಿಕೊಳ್ಳುವುದು ಪಕ್ಕದ ಮನೆಯವರಿಂದ ಸ್ನಾನ ಮಾಡಿಸಿಕೊಂಡ ಹಾಗೆ. ಜಗ್ಗುವವರಿಲ್ಲದವರಿಗೆ ರಾತ್ರಿಯ ನಿದ್ದೆಯಲ್ಲಿ ಎತ್ತರ ಬಹುಪಾಲು ಮರಳುತ್ತದಾದರೂ ಒಂದು ಅಕ್ಕಿಕಾಳಿನಷ್ಟು ಉಳಿದುಹೋಗುತ್ತದೆ. ಅಕ್ಕಿಕಾಳೇ ತಾನೆ ಅನ್ನುವಂತಿಲ್ಲ. ಗಡಿಯಾರ ರಿಪೇರಿಯ ಸುಬ್ರಾಯಪ್ಪನಿಗೆ ಮನೆಯಲ್ಲಿ ಯಾರೂ ಉಳಿದಿಲ್ಲ. ಈಗ ಅವನು ಅಂಗಡಿಯಲ್ಲಿ ಇದ್ದಾನೋ ಇಲ್ಲವೋ ತಿಳಿಯಬೇಕಾದರೆ ಮೇಜಿನ ಮೇಲಿಂದ ಬಗ್ಗಿ ನೋಡಬೇಕು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನನ್ನು ಯಾರೂ ಕೇಳುವುದಿಲ್ಲ.

ನಾನು ಬಸ್ ಡಿಪೋದಲ್ಲಿ ಟಿಕೆಟ್ ವಿಭಾಗದವನು. ನನ್ನನ್ನು ಜಗ್ಗುವವಳು ಹೆಂಡತಿ ಮುರಿಗೆಮ್ಮ, ಅವಳನ್ನು ಜಗ್ಗುವವನು ನಾನು. ನಮಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಮಣ್ಣಿನದು. ಆಚೆ ಇದ್ದವರು ಸಿದ್ದಗಂಗಮ್ಮ, ಮತ್ತು ಅವರ ತಂಗಿಯ ಮಗಳು ದಾಕ್ಷಾಯಣಿ. ಸಂಜೆ ಅವರ ಚಕ್ರದ ಕಟಕಟ ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ. ಎಷ್ಟೋ ಸಲ ಸಿದ್ದಗಂಗಮ್ಮ ಆಚೆ ಸಾಕು ಅಂದಾಗ ಈಚೆ ಮುರಿಗೆಮ್ಮನ ಕೈ ನಿಂತು, ನಾನು ಅರ್ಧಂಬರ್ಧ ಸೊಂಟದಲ್ಲಿ ಬಿದ್ದುಕೊಂಡು "ಅದು ನಂದಲ್ಲ ಕಣೆ, ತಿರುಗಿಸು" ಅನ್ನಬೇಕಾಗುತ್ತಿತ್ತು.

ಸಿದ್ದಗಂಗಮ್ಮ ಹಾಸ್ಟೆಲ್ಲಿನ ಅಡುಗೆಯವರು. ಹುಡುಗರ ಹಸಿವಿಗೆ ತಕ್ಕಷ್ಟು ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವುವುದೆಂದರೆ ಸೊಂಟವನ್ನೇ ಕೋಲಿಗೆ ಕಟ್ಟಿ ತಿರುವಿದಂತೆ. ನಮ್ಮ ಬೀದಿಯಲ್ಲಿ ಸಂಜೆ ಎಲ್ಲರಿಗಿಂತ ಹೆಚ್ಚು ಕುಸಿದು ಬರುತ್ತಿದ್ದವರು ಅವರೇ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದರೆ ಕಂಕುಳಲ್ಲಿ ಮಗು ಇತ್ತು. ಆ ಮಗು ಹೇಗೆ ಬಂತೆನ್ನುವುದು ಊರಿಗೆಲ್ಲ ಗೊತ್ತಿರುವ ಸಂಗತಿ, ಊರು ಇನ್ನೂ ತೀರ್ಮಾನ ಮಾಡದ ಸಂಗತಿಯೂ ಹೌದು.

ತಂಗಿ ಪುಟ್ಟಗೌರಿ ಬಾಣಂತನಕ್ಕೆ ಅಕ್ಕನ ಮನೆಗೆ ಬಂದಿದ್ದಳು. ಗಂಡ ಆಗಲೇ ಇರಲಿಲ್ಲ. ಹೆತ್ತ ಮೇಲೆ ಜ್ವರ ಹಿಡಿಯಿತು, ಸೊಂಟ ಸೀಳಿದಂತೆ ನೋವು. ಅಕ್ಕ ಅವಳನ್ನು ಜಗ್ಗುಮಣೆಯ ಮೇಲೆ ಮಲಗಿಸಿ ಚಕ್ರ ತಿರುಗಿಸಿದರು. ಪಕ್ಕದಲ್ಲಿ ಚಾಪೆಯ ಮೇಲೆ ಕೂಸು. ಪುಟ್ಟಗೌರಿ ಕೂಸಿನ ಕಡೆ ಮುಖ ಹೊರಳಿಸಿ "ಸಾಕು ಅಕ್ಕ" ಅಂದಳು. ಕೈ ನಿಂತಿತು. ಮಾತು ಅಷ್ಟೇ. ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.

ನೋವಿಗೆ ಸಾಕು ಅಂದಳೋ, ಮಗುವನ್ನು ಸಾಕು ಅಂದಳೋ? ಗಂಡನ ಮನೆಯವರು ಮಗುವನ್ನು ಕೇಳಲು ಬಂದಾಗ ಸಿದ್ದಗಂಗಮ್ಮ "ಸಾಕು ಅಂತ ಹೇಳಿ ಹೋಗಿದಾಳೆ" ಅಂದು ಬಾಗಿಲಿಗೆ ಅಡ್ಡ ನಿಂತರು. ಬಂದವರ ಕೈಕಾಲು ಆ ಮಾತಿಗೆ ನಿಂತವೋ, ಅಥವಾ ಹೆಣ್ಣುಕೂಸು ತಾನೆ ಅನ್ನಿಸಿತೋ, ಹಿಂದಿರುಗಿ ಹೋದರು. ಮೊದಲು ಸಿದ್ದಗಂಗಮ್ಮನನ್ನು ಜಗ್ಗಲು ಮನೆಯಲ್ಲಿ ಮುದಿ ತಾಯಿ ಇದ್ದರು. ದಾಕ್ಷಾಯಣಿ ಬೆಳೆದಳು. ಚಕ್ರ ತಿರುಗಿಸುವಷ್ಟು ತೋಳು ಬಂದಂದಿನಿಂದ ದೊಡ್ಡಮ್ಮನನ್ನು ಅವಳೇ ಜಗ್ಗಿದಳು.

ಆಮೇಲೆ ನಮ್ಮ ಬೀದಿಗೆ ನೀರು ಜಾಸ್ತಿ ಬರತೊಡಗಿತು. ನೀರು ಬಿಡುವ ಗುರುಶಾಂತ ಉದ್ದನೆಯ ಕೀಲಿಕೋಲು ಹೆಗಲಿಗೇರಿಸಿಕೊಂಡು ಬೀದಿಬೀದಿ ಸುತ್ತುವವನು. ಬೇರೆ ಬೀದಿಯವರು ಕೊಡ ತುಂಬುವ ಮೊದಲೇ ನಲ್ಲಿ ಒಣಗುತ್ತದೆ, ನಮ್ಮಲ್ಲಿ ಹಿತ್ತಲ ಗಿಡಕ್ಕೂ ಬಿಟ್ಟು ಮಿಗುತ್ತಿತ್ತು. ದಾಕ್ಷಾಯಣಿ ನಲ್ಲಿಯ ಹತ್ತಿರ ನಿಂತಿರುವವರೆಗೂ ಅವನಿಗೆ ಕೋಲು ತಿರುಗಿಸಿ ನೀರು ನಿಲ್ಲಿಸುವುದು ನೆನಪಾಗುತ್ತಿರಲಿಲ್ಲ. ಬೀದಿಯವರೆಲ್ಲ ಕಂಡೂ ಕಾಣದಂತಿದ್ದೆವು. ನಲ್ಲಿಯನ್ನು ಯಾರು ಎದುರು ಹಾಕಿಕೊಳ್ಳುತ್ತಾರೆ?

ಗುರುಶಾಂತನ ತಾಯಿ ಬಂದು ಹೆಣ್ಣು ಕೇಳಿದರು. ಬೆಳಗ್ಗೆಯೇ ಬಂದಿದ್ದರು. ದಾಕ್ಷಾಯಣಿ ಒಲ್ಲೆ ಅಂದಳು. ಅವತ್ತು ಸಂಜೆ ಗೋಡೆಯಾಚೆಯಿಂದ ಮಾತು ಕೇಳಿತು.

"ಅವನು ಬೇಡ್ವೇನೆ?"

"ಬೇಕು."

"ಮತ್ತೆ?"

"ನಾನು ಆ ಒಲೆಗೆ ಹೋದ್ರೆ ನಿನ್ನ ಯಾರು ದೊಡ್ಡಮ್ಮ ಜಗ್ಗೋರು? ಸುಬ್ರಾಯಪ್ಪನ್ನ ನೋಡಿದೀಯಲ್ಲ."

ಆಮೇಲೆ ಸಿದ್ದಗಂಗಮ್ಮ ಸಾಕು ಅಂದದ್ದು ಕೇಳಿತು. ನಮ್ಮ ಮನೆಯಲ್ಲೂ ಚಕ್ರ ನಿಂತಿತು.

ಆ ಸಮಯಕ್ಕೇ ಸರಿಯಾಗಿ ಊರಿಗೆ ಒಂಟಿಮಣೆ ಬಂತು. ಬಸ್ಸಿನ ಮೇಲೆ ಡಬ್ಬಗಳನ್ನು ಹೇರಿಕೊಂಡು ಒಬ್ಬ ಮಾರಾಟಗಾರ ಬಂದಿಳಿದ. ಪಟ್ಟಿ ಬಿಗಿದುಕೊಂಡು ಮಲಗಿ ಪಕ್ಕದ ಗುಂಡಿ ಒತ್ತಿದರೆ ಯಂತ್ರ ಗುಂಯ್ ಎಂದು ತಾನೇ ಜಗ್ಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಇನ್ನೊಬ್ಬರ ಹಂಗಿಲ್ಲ ಎಂದು ಅವನು ವಿವರಿಸಿದ. ಮಧ್ಯಾಹ್ನದ ಬಸ್ಸಿಗೇ ಹೊರಟುಹೋದ. ನಮ್ಮವರು ಮತ್ತೆ ಒತ್ತುವ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಡಿಪೋದ ಇನ್‌ಸ್ಪೆಕ್ಟರ್ ಹಾಲಪ್ಪ ಮೊದಲ ದಿನವೇ ಮಲಗಿ, ಹಿತವಾದಾಗ ಸಾಕು ಅಂದು ಕಣ್ಣುಮುಚ್ಚಿದ. ಯಂತ್ರ ಜಗ್ಗುತ್ತಲೇ ಇತ್ತು. ಮರ್ಯಾದೆಯಿಂದ ಇನ್ನೊಮ್ಮೆ ಅಂದ. ಆಮೇಲೆ ಗದರಿಸಿ ಅಂದ. ಅವನ ಹೆಂಡತಿ ಪಕ್ಕದ ಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿಕೊಂಡು ಕೂತಿದ್ದಳಂತೆ. ಕೊನೆಗೆ ಒದ್ದಾಟದಲ್ಲಿ ಕೈ ತಗುಲಿ ಗುಂಡಿ ಒತ್ತಿಹೋಗಿ, ಎದ್ದಾಗ ಹಾಲಪ್ಪ ಗೇಣುದ್ದ ಹೆಚ್ಚಿಗೆ ಬೆಳೆದಿದ್ದ. ಈಗ ಅವನು ಬಸ್ಸಿನಲ್ಲಿ ಟಿಕೆಟ್ ಪರೀಕ್ಷೆ ಮಾಡುವುದು ಕತ್ತು ಓರೆ ಮಾಡಿಕೊಂಡು. ಪ್ರಯಾಣಿಕರಿಗೆ ಅವನು ಅನುಮಾನಪಟ್ಟ ಹಾಗೆ ಕಾಣುತ್ತದೆ. ಇಲಾಖೆಗೆ ಅದರಿಂದ ಅನುಕೂಲವೇ ಆಯಿತು.

ಇಷ್ಟೆಲ್ಲ ಗೊತ್ತಿದ್ದೂ ಸಿದ್ದಗಂಗಮ್ಮ ಒಂಟಿಮಣೆ ಕೊಂಡು ತಂದರು. ಹಳೆಯ ಜಗ್ಗುಮಣೆಯನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದರು. ದಾಕ್ಷಾಯಣಿಯ ಎದುರಿಗೇ ಮಲಗಿ, ಗುಂಡಿ ಒತ್ತಿ, ಮತ್ತೆ ಒತ್ತಿ, ಎದ್ದು ನಿಂತು ಬೆಳಗಿನ ಚಿಲಕ ತೆಗೆದು ತೋರಿಸಿದರು.

"ನೋಡ್ದ್ಯಾ? ಇನ್ನು ನಿನ್ನ ನೆಪ ಏನೂ ನಡೆಯಲ್ಲ. ಹೋಗಿ ಮದುವೆ ಮಾಡ್ಕೊ."

ವೀಳ್ಯ ಬದಲಾಯಿಸುವ ದಿನ ಗಂಡಿನ ಕಡೆಯವರ ಜೊತೆಗೆ ದಾಕ್ಷಾಯಣಿಯ ತಂದೆಯ ಅಣ್ಣ ಚನ್ನವೀರಪ್ಪನೂ ಬಂದ. ಯಾರೂ ಕರೆದಿರಲಿಲ್ಲ. ಧಾರೆ ಎರೆಯುವ ಹಕ್ಕು ತನ್ನದು ಎಂದು ಶುರುಮಾಡಿದ. ಸಾಕಿದವರು ಸಿದ್ದಗಂಗಮ್ಮ, ಅವರೇ ಎರೆಯಲಿ ಎಂದು ನಾನು ಬೀದಿಯವನಾಗಿ ಒಂದು ಮಾತು ಹೇಳಿದೆ.

"ಯಾರು ಸಾಕು ಅಂದಿದ್ದು ಇವರಿಗೆ? ಪುಟ್ಟಗೌರಿಗೆ ಸೊಂಟ ನೋಯ್ತಿತ್ತು, ನೋವು ತಡೀಲಾರ್ದೆ ಸಾಕು ಅಂದ್ಲು. ಇವರು ತಮಗೆ ಬೇಕಾದ ಹಂಗೆ ಕೇಳಿಸ್ಕೊಂಡು ಮಗೂನ ಇಟ್ಕೊಂಡ್ರು."

ಚನ್ನವೀರಪ್ಪ ಆ ಮಾತನ್ನು ಎರಡೆರಡು ಸಲ ಅಂದಿದ್ದರಿಂದ ಕೋಣೆಯಲ್ಲಿದ್ದವರ ಕೈಗಳೆಲ್ಲ ಇದ್ದಲ್ಲೇ ನಿಂತವು. ಗುರುಶಾಂತನ ತಾಯಿಯ ಕೈಯ ಎಲೆಯಡಿಕೆ ಬಾಯಿಗೆ ಹೋಗದೆ ನಿಂತಿತು. ಚಹಾ ಬಗ್ಗಿಸುತ್ತಿದ್ದ ದಾಕ್ಷಾಯಣಿಯ ಕೈಯಲ್ಲಿ ಪಾತ್ರೆ ಓರೆಯಾಗಿಯೇ ನಿಂತು, ಲೋಟ ತುಂಬಿ, ಅಡಿಯ ಬಸಿ ತುಂಬಿ, ಚಹಾ ಜಮಖಾನದ ಮೇಲೆ ಹರಿಯಿತು. ಎಲ್ಲರೂ ಅದು ಹರಿಯುವುದನ್ನು ನೋಡುತ್ತ ಕೂತೆವು. ಸಿದ್ದಗಂಗಮ್ಮ ಮಾತ್ರ ಯಾರನ್ನೂ ನೋಡಲಿಲ್ಲ. "ಧಾರೆ ನೀವೇ ಎರೀರಿ" ಅಂದು ಒಳಗೆ ಹೋಗಿ ಒರೆಸುವ ಬಟ್ಟೆ ತಂದರು.

ಆ ಮಧ್ಯಾಹ್ನ ಹಿತ್ತಲಿನಲ್ಲಿ ಮುರಿಗೆಮ್ಮ ಅವರನ್ನು ಹಿಡಿದು ನಿಲ್ಲಿಸಿದಳು. ನಾನು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ.

"ಏನಕ್ಕ ನೀವು, ಅಷ್ಟು ವರ್ಷ ಸಾಕಿ ಕೊನೇಲಿ ಅವನಿಗೆ ಬಿಟ್ಕೊಡ್ತೀರಲ್ಲ."

"ಅವನು ಹೇಳಿದ್ದು ಸುಳ್ಳು ಅಂತ ಹೆಂಗೆ ಹೇಳ್ಲಿ ಮುರಿಗೆಮ್ಮ? ಅವಳು ಅಂದ್ಲು, ನಾನು ಚಕ್ರ ನಿಲ್ಲಿಸ್ದೆ. ಆಮೇಲೆ ಮಗು ಅಳ್ತು, ಎತ್ಕೊಂಡೆ. ಯಾವುದನ್ನ ಹೇಳಿದ್ಲೋ ನಂಗೆ ಇವತ್ತಿಗೂ ಗೊತ್ತಿಲ್ಲ."

"ಅದಕ್ಕೇನೀಗ?"

"ಅಲ್ಲ, ಹೇಳ್ದೆ ಇದ್ದಿದ್ದನ್ನ ಕೇಳಿಸ್ಕೊಂಡು ಮಗು ಇಟ್ಕೊಂಡಿದ್ರೆ, ಅದರ ಹತ್ರ ನನ್ನ ಸೊಂಟ ನೋಡ್ಕೋ ಅನ್ನೋ ಹಕ್ಕು ನಂಗೆಲ್ಲಿದೆ? ಹೋಗ್ಲಿ ಅವಳು. ಚೆನ್ನಾಗಿರ್ಲಿ."

ಅವರು ಅಳುತ್ತಿರಲಿಲ್ಲ. ಒಣಗಿದ ಬಟ್ಟೆ ಮಡಚುತ್ತ ಹೇಳಿದರು. ದಾಕ್ಷಾಯಣಿ ಅಲ್ಲೇ ಬಾವಿಕಟ್ಟೆಯ ಹತ್ತಿರ ಚಹಾದ ಜಮಖಾನ ತೊಳೆಯುತ್ತಿದ್ದಳು. ಅವಳ ಬೆನ್ನು ನಮ್ಮ ಕಡೆಗಿತ್ತು.

ಮದುವೆ ಬೆಳಗಿನ ಮುಹೂರ್ತದಲ್ಲಿ ಆಯಿತು. ಚನ್ನವೀರಪ್ಪ ಧಾರೆ ಎರೆದ, ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೋದ. ದಾಕ್ಷಾಯಣಿ ಊರಿನ ಆಚೆ ತುದಿಯ ನೀರಿನ ಟ್ಯಾಂಕಿನ ಪಕ್ಕದ ಮನೆಗೆ, ಇನ್ನೊಂದು ಒಲೆಗೆ ಹೋದಳು. ಮಗಳ ಮನೆಗೆ ಹೋಗಿ ಇರುವ ರೂಢಿ ನಮ್ಮಲ್ಲಿಲ್ಲ. ಹೆಣ್ಣು ಕೊಟ್ಟವರು ಅಲ್ಲಿ ಒಂದು ಹೊತ್ತು ಊಟ ಮಾಡಿದರೂ ಎರಡನೆಯ ಹೊತ್ತಿಗೆ ಎದ್ದು ಬರಬೇಕು.

ಅಂದಿನಿಂದ ಸಂಜೆ ಗೋಡೆಯಾಚೆ ಯಂತ್ರದ ಗುಂಯ್ ಶಬ್ದ. ಶುರುವಾಗುತ್ತಿತ್ತು, ಉಸಿರು ಎಳೆದು ಬಿಡುವಷ್ಟರಲ್ಲಿ ನಿಲ್ಲುತ್ತಿತ್ತು. ಹಾಲಪ್ಪನ ಕತೆ ಗೊತ್ತಿದ್ದ ಸಿದ್ದಗಂಗಮ್ಮ ಗುಂಡಿಯ ಮೇಲಿಂದ ಬೆರಳು ತೆಗೆಯುತ್ತಲೇ ಇರಲಿಲ್ಲ ಎಂದು ಕಾಣುತ್ತದೆ. ಸೊಂಟ ಬಿಡಿಸಿಕೊಳ್ಳುವ ಮೊದಲೇ ಒತ್ತಿಬಿಡುತ್ತಿದ್ದರು. ಸಾಕು ಅನ್ನುವ ಮಾತೂ ಕೇಳುತ್ತಿರಲಿಲ್ಲ. ಯಾರಿಗೆಂದು ಹೇಳಬೇಕು? ಗೋಡೆಯ ಈಚೆ ಮುರಿಗೆಮ್ಮನಿಗೆ ಇದರಿಂದ ಒಂದು ರೀತಿ ಕಸಿವಿಸಿ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿಲ್ಲ ಎನ್ನುತ್ತಿದ್ದಳು, ನಾನು ಕಣ್ಣೆದುರಿಗೇ ಸಾಕು ಅನ್ನುತ್ತಿದ್ದರೂ.

ಮೊದಮೊದಲು ಏನೂ ಕಾಣಲಿಲ್ಲ. ಅಕ್ಕಿಕಾಳು ಕಾಣುವಂಥದ್ದೂ ಅಲ್ಲ. ಮಳೆಗಾಲ ಕಳೆದ ಮೇಲೆ ಸಿದ್ದಗಂಗಮ್ಮ ಬೆಳಗ್ಗೆಯೂ ಸಂಜೆಯ ಚಿಲಕವನ್ನೇ ತೆಗೆಯುವುದನ್ನು ನೋಡಿದೆ. ಹಾಸ್ಟೆಲ್ಲಿನಲ್ಲಿ ಒಲೆಯ ಮುಂದೆ ಮೆಟ್ಟುಮಣೆ ಇಟ್ಟುಕೊಂಡು ಮುದ್ದೆ ತಿರುವುತ್ತಾರೆಂದು ಅಲ್ಲಿನ ಹುಡುಗರು ಬಸ್ಸಿನಲ್ಲಿ ಮಾತಾಡಿಕೊಂಡರು. ಸೀರೆಯನ್ನು ಎತ್ತಿ ಎತ್ತಿ ಸಿಕ್ಕಿಸಿ ಸೊಂಟದಲ್ಲಿ ಒಂದು ಗಂಟೇ ಆಗಿತ್ತು. ಸೊಂಟ ಹೇಗಿದೆ ಎಂದು ಮುರಿಗೆಮ್ಮ ಕೇಳಿದರೆ "ಯಂತ್ರ ಚೆನ್ನಾಗಿದೆಯಮ್ಮ" ಅನ್ನುವರು. ನಾವೇ ಹೋಗಿ ಜಗ್ಗೋಣವೇ ಎಂದು ಅವಳು ಒಂದು ದಿನ ನನ್ನನ್ನು ಕೇಳಿದಳು. ನಮ್ಮದು ಬೇರೆ ಒಲೆ ಎಂದೆ. ಅವಳು ಮತ್ತೆ ಕೇಳಲಿಲ್ಲ, ನನ್ನನ್ನು ಜಗ್ಗುವಾಗ ಎರಡು ದಿನ ಸ್ವಲ್ಪ ಒರಟಾಗಿ ಜಗ್ಗಿದಳು.

ದಾಕ್ಷಾಯಣಿ ಹಬ್ಬಹುಣ್ಣಿಮೆಗೆ ಬರುತ್ತಿದ್ದಳು. ಅವಳು ಬರುವ ಸುಳಿವು ಸಿಕ್ಕರೆ ಸಿದ್ದಗಂಗಮ್ಮ ಗೋಡೆಗೊರಗಿ ಕೂತುಬಿಡುತ್ತಿದ್ದರು, ಅವಳು ಹೋಗುವವರೆಗೆ ಏಳುತ್ತಿರಲಿಲ್ಲ. ಕೂತವರ ಎತ್ತರ ಯಾರಿಗೆ ತಿಳಿಯುತ್ತದೆ?

ಒಂದು ದಿನ ಅವಳು ಹೇಳದೆ ಬಂದಳು, ಸಂಜೆ. ಸಿದ್ದಗಂಗಮ್ಮ ಆಗಷ್ಟೇ ಹಾಸ್ಟೆಲ್ಲಿನಿಂದ ಬಂದು ಕೂತಿದ್ದರು. ಮಾತಿನ ನಡುವೆ ಉಪ್ಪಿನಕಾಯಿ ಕೇಳಿ ದಾಕ್ಷಾಯಣಿ ಅಡುಗೆಮನೆಗೆ ಹೋದಳಂತೆ. ಮೇಲಿನ ಹಲಗೆಯಲ್ಲಿದ್ದ ಡಬ್ಬಗಳೆಲ್ಲ ನೆಲಕ್ಕಿಳಿದಿದ್ದವು. ಮೇಲಿನ ಹಲಗೆಯಲ್ಲಿ ಧೂಳು. ಅದರ ಕೆಳಗಿನ ಹಲಗೆಯಲ್ಲೂ ಧೂಳು. ಅವಳು ಉಪ್ಪಿನಕಾಯಿ ತೆಗೆದುಕೊಳ್ಳದೆ ಹೊರಗೆ ಬಂದು, ಜೊತೆಗೆ ಬಂದಿದ್ದ ಗುರುಶಾಂತನನ್ನು ಏನೋ ತರಲು ಕಳಿಸಿ, ಏಣಿ ಇಟ್ಟು, ಅಟ್ಟ ಹತ್ತಿದಳು. ಇದನ್ನೆಲ್ಲ ಮುರಿಗೆಮ್ಮ ಆಮೇಲೆ ಕೇಳಿ ತಿಳಿದುಕೊಂಡದ್ದು. ಆಗ ನಮಗೆ ಕೇಳಿದ್ದು ಹಲಗೆ ಇಳಿಸುವ ಸದ್ದು. ನಾನು ನಮ್ಮ ಮಣೆಯ ಮೇಲೆ ಪಟ್ಟಿ ಬಿಗಿದುಕೊಂಡು ಮಲಗಿದ್ದೆ, ಮುರಿಗೆಮ್ಮ ಚಕ್ರ ತಿರುಗಿಸಲು ಶುರುಮಾಡಿದ್ದಳು.

"ಏನೇ ಮಾಡ್ತಿದೀಯ?"

"ಮಲಕ್ಕೋ ದೊಡ್ಡಮ್ಮ."

"ಬೇಡ ಕಣೆ. ನೀನೀಗ ಬೇರೆ ಒಲೆಯೋಳು. ನಾಲ್ಕು ಜನ ಏನಂತಾರೆ."

"ಅನ್ಲಿ. ಮಲಕ್ಕೋ."

ಪಟ್ಟಿ ಬಿಗಿದ ಸದ್ದು. ಆಮೇಲೆ ಎಷ್ಟೋ ತಿಂಗಳ ಮೇಲೆ ಗೋಡೆಯಾಚೆ ಕಟಕಟ ಕೇಳಿತು. ತುಂಬ ಮೆಲ್ಲಗೆ, ಒಣಗಿದ ಹಗ್ಗದ ಗಂಟು ಬಿಚ್ಚುವವರ ಹಾಗೆ. ಸಿದ್ದಗಂಗಮ್ಮ ನರಳಿದರು. ಹಾಸ್ಟೆಲ್ಲಿನ ಒಲೆಯ ಮುಂದೆಯೂ ಯಾರೂ ಅವರು ನರಳಿದ್ದನ್ನು ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೇ, ಹಿತವಾಗುವ ಎಷ್ಟೋ ಮೊದಲೇ, ಅಂದರು.

"ಸಾಕು."

ಮುರಿಗೆಮ್ಮನ ಕೈ ನಿಂತಿತು. ಆಚೆಯ ಚಕ್ರವೂ ನಿಂತಿತು. ಎದುರು ಮನೆಯಲ್ಲೂ ಏನೋ ನಿಂತಿರಬೇಕು. ಹಾಗೇ ಒಂದು ಗಳಿಗೆ ಕಳೆಯಿತು. ಆಮೇಲೆ ನಮ್ಮೂರಿನಲ್ಲಿ ನಾನು ಎಂದೂ ಕೇಳಿರದ ಸದ್ದು ಕೇಳಿತು. ಆ ಮಾತು ಆದಮೇಲೆ ಚಕ್ರ ಮತ್ತೆ ಕಟ ಎಂದಿತು.

"ಸಾಕು ಅಂದೆ ಕಣೆ."

"ಕೇಳಿಸ್ತು."

"ಕೇಳಿಸಿದ್ರೆ ನಿಲ್ಸು."

"ಅವತ್ತು ನಮ್ಮಮ್ಮ ಅಂದಾಗ ನೀನು ಬರೀ ನಿಲ್ಸಿ ಸುಮ್ನಾದ್ಯಾ? ಸಾಕಿದ್ಯಲ್ಲ." ದಾಕ್ಷಾಯಣಿಯ ದನಿ ನಡುಗುತ್ತಿತ್ತು, ಚಕ್ರ ನಡುಗುತ್ತಿರಲಿಲ್ಲ. "ಈಗ ನೀನು ನಂಗೆ ಸಾಕು ಅಂದಿದೀಯ. ಸಾಕ್ತೀನಿ. ಅವರು ಕೈಗಾಡಿ ತಗೊಂಡು ಹೊರಗೇ ನಿಂತಿದಾರೆ. ಮಣೆ ಸಮೇತ ಕರ್ಕೊಂಡು ಹೋಗ್ತೀವಿ."

"ನಾನು ಆ ಅರ್ಥದಲ್ಲಿ ಹೇಳಲಿಲ್ವಲ್ಲೆ."

"ನಮ್ಮಮ್ಮ ಯಾವ ಅರ್ಥದಲ್ಲಿ ಹೇಳಿದ್ಲು ಅಂತ ನಿಂಗೊತ್ತಿತ್ತಾ?"

ಬೀದಿಯಲ್ಲಿ ಗುರುಶಾಂತ ಕೆಮ್ಮಿದ. ಆಮೇಲೆ ಸಿದ್ದಗಂಗಮ್ಮನ ದನಿ ಬಂತು, ಮೂಗು ಕಟ್ಟಿದ ದನಿ.

"ಹಂಗಾದ್ರೆ ಇನ್ನೊಂದು ಸುತ್ತು ತಿರುಗ್ಸು. ಬಲಗಡೆ ಇನ್ನೂ ಹಿಡ್ಕೊಂಡಿದೆ."

ಚಕ್ರ ತಿರುಗಿತು. ಮುರಿಗೆಮ್ಮ ನಮ್ಮ ಚಕ್ರದ ಮೇಲೆ ಕೈ ಇಟ್ಟುಕೊಂಡು ಗೋಡೆಯನ್ನೇ ನೋಡುತ್ತ ಕೂತಿದ್ದಳು, ಕಣ್ಣು ಒರೆಸಿಕೊಳ್ಳಲೂ ಕೈ ತೆಗೆಯಲಿಲ್ಲ. ಮುಂದಕ್ಕೆ ತಿರುಗಿಸು ಎಂದು ಅವಳಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಮಾರನೆಯ ಬೆಳಗ್ಗೆ ಒಂದು ಅಕ್ಕಿಕಾಳಿನಷ್ಟು ಗಿಡ್ಡನಾಗಿಯೇ ಡಿಪೋಗೆ ಹೋದೆ.